ಹದಿನಾಲ್ಕರ ಕೈಗೆ ನಾಲ್ಕು ಕಾಸು

ತ್ಯಾವಣಿಗೆ ಸೀಮೆಯಲ್ಲಿ ಅಡಿಕೆ ಸುಗ್ಗಿಯೂ ಶಾಲೆಯ ದಸರಾ ರಜೆಯೂ ಒಟ್ಟೊಟ್ಟಿಗೇ ಬರುತ್ತವೆ. ಆಗಸ್ಟ್ ಹೊತ್ತಿಗೆ ಶುರುವಾದ ಕೊಯ್ಲು ಅಕ್ಟೋಬರ್‌ನಲ್ಲಿ ಬಿರುಸು ಹಿಡಿಯುತ್ತದೆ. ಭದ್ರಾ ನಾಲೆಯ ನೀರು ನೆಚ್ಚಿ ಭತ್ತ ಬೆಳೆಯುತ್ತಿದ್ದ ಗದ್ದೆಗಳು ವರ್ಷದಿಂದ ವರ್ಷಕ್ಕೆ ತೋಟಗಳಾಗುತ್ತಿವೆ. ತೋಟ ಹೆಚ್ಚಿದಷ್ಟೂ ಆಳು ಸಾಲದು. ದೋಟಿ ಹಿಡಿದು ಗೊನೆ ಇಳಿಸುವವರು, ಹೊರುವವರು, ಸುಲಿಯುವವರು, ಚೊಗರಿನಲ್ಲಿ ಬೇಯಿಸುವವರು, ಅಂಗಳದಲ್ಲಿ ಹರವಿ ಒಣಗಿಸುವವರು, ಕೊನೆಗೆ ರಾಶಿ, ಬೆಟ್ಟೆ, ಗೊರಬಲು ಎಂದು ಬೇರೆ ಮಾಡುವವರು, ಎಲ್ಲರೂ ಬೇಕು. ಹಸಿ ಅಡಿಕೆ ಕಾಯುವುದಿಲ್ಲ. ಕೊಯ್ದದ್ದನ್ನು ಬೇಗ ಸುಲಿದು ಬೇಯಿಸಲೇಬೇಕು. ಖೇಣಿ, ಅಂದರೆ ಫಸಲಿನ ಗುತ್ತಿಗೆ, ಹಿಡಿದವರ ಮನೆ ಮುಂದೆ ಹೆಂಗಸರು ಸಾಲಾಗಿ ಕೂತಾಗ ಅವರ ಮಗ್ಗುಲಲ್ಲಿ ಎಂಟನೇ, ಒಂಬತ್ತನೇ ತರಗತಿಯ ಮಕ್ಕಳೂ ಕೂರುತ್ತಾರೆ.

‘ಮನೇಲಿ ಸುಮ್ನೆ ಕುಂತು ಏನ್ ಮಾಡ್ತಾನ್ರೀ, ಬಂದ್ರೆ ನಾಲ್ಕು ಕಾಸಾದ್ರೂ ಆಗ್ತತಿ’ ಎನ್ನುವ ತಾಯಿಯ ಮಾತಿನಲ್ಲಿ ಕೆಟ್ಟದ್ದೇನೂ ಇಲ್ಲ. ಸುಲಿತದ ಲೆಕ್ಕ ಸುಲಿದಷ್ಟಕ್ಕೆ. ಒಂದು ಕಡೆ ಡಬ್ಬಕ್ಕಿಷ್ಟು, ಇನ್ನೊಂದು ಕಡೆ ಕೆ.ಜಿ.ಗಿಷ್ಟು. ಎಳೆಯ ಬೆರಳುಗಳು ಚುರುಕು. ಸಂಜೆಯ ಹೊತ್ತಿಗೆ ಮಗ ಸುಲಿದದ್ದು ಅಮ್ಮನ ಡಬ್ಬಕ್ಕೆ ಸೇರುತ್ತದೆ, ಬಟವಾಡೆಯ ದಿನ ಅಮ್ಮನ ಹೆಸರಿನ ಮುಂದೆ ಒಟ್ಟು ಬರೆದು ಹಣ ಎಣಿಸುತ್ತಾರೆ. ಹುಡುಗ ಎಷ್ಟು ದುಡಿದ ಎಂಬುದು ಹುಡುಗನಿಗೂ ತಿಳಿಯುವುದಿಲ್ಲ. ಕೈಯ ಕರೆ ಮಾತ್ರ ಅವನದೇ. ಅದು ವಾರ ತೊಳೆದರೂ ಹೋಗದು.

ಹದಿಮೂರರಿಂದ ಹದಿನಾರರ ನಡುವಿನ ಮಕ್ಕಳಿಗೆ ದುಡ್ಡು ಬೇಕು ಅನ್ನಿಸುವುದು ಸಹಜ. ಶಾಲೆಯ ಪ್ರವಾಸಕ್ಕೆ ಕಟ್ಟಬೇಕು. ಸೈಕಲ್ಲಿನ ಟೈರು ಸವೆದಿದೆ. ಊರಿನ ಟೂರ್ನಮೆಂಟಿಗೆ ತಂಡದವರೆಲ್ಲ ಟೀಶರ್ಟು ಹೊಲಿಸಿದ್ದಾರೆ. ಹುಡುಗಿಗೆ ಪ್ರತಿ ತಿಂಗಳು ಬೇಕಾಗುವ ಪ್ಯಾಡಿಗೂ ಅಪ್ಪನ ಮುಂದೆ ನಿಂತು ಕೇಳಬೇಕು. ಕೇಳಿದಾಗಲೆಲ್ಲ ಮನೆಯ ಕಷ್ಟದ ಕಥೆ ಕೇಳಿಸಿಕೊಂಡ ಮಗು ಒಂದು ದಿನ ತಾನೇ ದುಡಿಯುತ್ತೇನೆ ಎಂದುಕೊಳ್ಳುತ್ತದೆ. ಆ ಆಸೆಯನ್ನು ನಾನು ಗೌರವಿಸುತ್ತೇನೆ. ಸ್ವಂತ ದುಡಿಮೆಯ ಹತ್ತು ರೂಪಾಯಿ ಮಗುವಿಗೆ ಕೊಡುವ ಧೈರ್ಯವನ್ನು ಅಪ್ಪ ಕೊಟ್ಟ ನೂರು ರೂಪಾಯಿ ಕೊಡಲಾರದು. ಆದರೆ ಆ ದುಡಿಮೆ ಯಾವ ಹೊತ್ತಿನದು, ಯಾರ ಮನೆಯದು, ಬಂದ ದುಡ್ಡು ಯಾರ ಕೈಯಲ್ಲಿ ಉಳಿಯಿತು ಎಂದು ಕೇಳುವವರು ನಮ್ಮಲ್ಲಿ ಕಡಿಮೆ.

ಎರಡು ಬಾಗಿಲು, ಒಂದೇ ವಯಸ್ಸು

ಕಾನೂನು ಏನು ಹೇಳುತ್ತದೆ ಎಂಬುದನ್ನು ಮೊದಲು ಬಿಡಿಸಿಕೊಳ್ಳೋಣ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆಯಿತು. ಅದರ ಪ್ರಕಾರ 14 ವರ್ಷ ತುಂಬದ ಮಗುವನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ವಿನಾಯಿತಿ ಎರಡೇ. ಅಪಾಯವಿಲ್ಲದ ಮನೆಕೆಲಸ, ಮನೆತನದ ಕಸುಬಿನಲ್ಲಿ ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ಕೈಜೋಡಿಸಬಹುದು. ಷರತ್ತುಗಳೊಂದಿಗೆ ಬಾಲಕಲಾವಿದರಾಗಿ ನಟಿಸಬಹುದು. ಅಂದರೆ ಅಪ್ಪನ ತೋಟದಲ್ಲಿ ಉದುರು ಅಡಿಕೆ ಆರಿಸಿದರೆ ತಪ್ಪಲ್ಲ. ಅದೇ ಹದಿಮೂರರ ಹುಡುಗ ದಸರಾ ರಜೆಯಲ್ಲೇ ಆದರೂ ಬೇರೆಯವರ ಖೇಣಿ ಮನೆಯಲ್ಲಿ ಕೂಲಿಗೆ ಸುಲಿಯಲು ಕೂತರೆ, ಕೂರಿಸಿದವರು ತಪ್ಪಿತಸ್ಥರು. ಅವರಿಗೆ 6 ತಿಂಗಳಿಂದ 2 ವರ್ಷದವರೆಗೆ ಜೈಲು, ಇಲ್ಲವೇ 20 ಸಾವಿರದಿಂದ 50 ಸಾವಿರ ರೂಪಾಯಿ ದಂಡ, ಅಥವಾ ಎರಡೂ.

14ರಿಂದ 18ರವರನ್ನು ಕಾಯ್ದೆ ಕಿಶೋರರು ಎನ್ನುತ್ತದೆ. ಗಣಿ, ಸಿಡಿಮದ್ದು, ಅಪಾಯಕಾರಿ ಕಾರ್ಖಾನೆ ಕೆಲಸಗಳು ಅವರಿಗೂ ನಿಷಿದ್ಧ. ಉಳಿದ ಕೆಲಸ ಮಾಡಬಹುದು, ಆದರೆ ಗಡಿಯಾರ ನೋಡಿಕೊಂಡು. ಒಂದೇ ಸಮನೆ ಮೂರು ತಾಸಿಗಿಂತ ಹೆಚ್ಚು ದುಡಿಸುವಂತಿಲ್ಲ. ನಡುವೆ ಒಂದು ತಾಸು ಬಿಡುವು ಕೊಡಬೇಕು. ಬಿಡುವೂ ಸೇರಿ ದಿನಕ್ಕೆ ಆರು ತಾಸು ಮೀರಬಾರದು. ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಕೆಲಸವೇ ಕೂಡದು. ಓವರ್‌ಟೈಮ್ ಇಲ್ಲ, ವಾರಕ್ಕೊಂದು ರಜೆ ಕಡ್ಡಾಯ. ಸುಗ್ಗಿಯ ಭರಾಟೆಯಲ್ಲಿ ಬಲ್ಬು ಕಟ್ಟಿಕೊಂಡು ರಾತ್ರಿ ಹತ್ತರವರೆಗೆ ಸುಲಿಯುವ ಕಡೆ ಹದಿನೈದರ ಹುಡುಗಿ ಇದ್ದರೆ ಈ ಸಾಲುಗಳನ್ನು ಒಮ್ಮೆ ಓದಿಸಬೇಕು.

ಇಲ್ಲಿ ಒಂದು ತೊಡಕಿದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರಿಗೆ, ಅಂದರೆ ಎಂಟನೇ ತರಗತಿಯವರೆಗೆ. ಯಾವ ವಯಸ್ಸಿಗೆ ಶಾಲೆಯ ಕಡ್ಡಾಯ ಮುಗಿಯುತ್ತದೋ ಅದೇ ವಯಸ್ಸಿಗೆ ಕೂಲಿಯ ಬಾಗಿಲು ತೆರೆಯುತ್ತದೆ. ಒಂಬತ್ತನೇ ತರಗತಿಯ ದಸರಾ ರಜೆ ಆದ್ದರಿಂದಲೇ ಆತಂಕದ್ದು. ರಜೆ ಮುಗಿದರೂ ಸುಗ್ಗಿ ಮುಗಿಯುವುದಿಲ್ಲ. ಡಿಸೆಂಬರ್‌ವರೆಗೂ, ಕೆಲವೆಡೆ ಜನವರಿಗೂ ಎಳೆಯುತ್ತದೆ. ‘ಇನ್ನೊಂದು ವಾರ ಹೋಗ್ಲಿ ಬಿಡ್ರಿ’ ಎಂದು ತಡೆದ ಮಗ ತರಗತಿಗೆ ಮರಳುವ ಹೊತ್ತಿಗೆ ಗಣಿತದ ಎರಡು ಪಾಠ ಮುಗಿದಿರುತ್ತವೆ. ಕೇಳಿದ್ದು ಅರ್ಥವಾಗದ ಹುಡುಗನಿಗೆ ಶಾಲೆಗಿಂತ ಖೇಣಿ ಮನೆ ಹಿತವೆನ್ನಿಸುತ್ತದೆ, ಅಲ್ಲಿ ಅವನನ್ನು ಜಾಣ ಎನ್ನುವವರಿದ್ದಾರೆ. ಶಾಲೆ ಬಿಡಬೇಕೆಂದು ತೀರ್ಮಾನಿಸಿ ಬಿಡುವ ಮಕ್ಕಳು ಕಡಿಮೆ. ಹೆಚ್ಚಿನವರು ಹೀಗೆ ಒಂದೊಂದೇ ವಾರ ಜಾರುತ್ತಾರೆ.

ಕೆಲವು ಕೆಲಸಗಳಿಗೆ ನನ್ನ ಮಟ್ಟಿಗೆ ವಯಸ್ಸಿನ ಚೌಕಾಸಿಯೇ ಇಲ್ಲ. ಕುದಿಯುವ ಹಂಡೆಯ ಬಳಿ ಮಕ್ಕಳು ಬೇಡ. ಸುಲಿಯುವ ಯಂತ್ರ, ಮೆಕ್ಕೆಜೋಳದ ಒಕ್ಕಣೆ ಯಂತ್ರ, ಮೇವು ಕತ್ತರಿಸುವ ಯಂತ್ರಗಳ ಬಾಯಿಗೆ ಕೈಯಿಡುವ ಕೆಲಸ ಬೇಡ. ಮದ್ದು ಹೊಡೆಯುವ ಡ್ರಮ್ಮು ಅವರ ಬೆನ್ನಿಗೆ ಬೇಡ. ಟ್ರ್ಯಾಕ್ಟರ್ ಸ್ಟೇರಿಂಗ್ ಹಿಡಿದ ಹದಿನೈದರ ಮಗನನ್ನು ಹೆಮ್ಮೆಯಿಂದ ನೋಡುವ ಅಪ್ಪಂದಿರು ನಮ್ಮಲ್ಲಿ ಬಹಳ. 2019ರ ಮೋಟಾರು ವಾಹನ ತಿದ್ದುಪಡಿಯ ಪ್ರಕಾರ ಅಪ್ರಾಪ್ತರು ವಾಹನ ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 25 ಸಾವಿರ ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಓಡಿಸಿದ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ನಾಳೆ ಡ್ರೈವರ್ ಆಗಿ ಬದುಕಬೇಕೆಂದಿರುವ ಹುಡುಗನ ಅನ್ನಕ್ಕೇ ಕಲ್ಲು ಬಿದ್ದಂತೆ.

ಎಲ್ಲಕ್ಕಿಂತ ಕೆಟ್ಟದ್ದು ಮುಂಗಡ. ಅಪ್ಪ ಸಾಲಕ್ಕೆಂದು ಖೇಣಿದಾರರಿಂದಲೋ ಮೇಸ್ತ್ರಿಯಿಂದಲೋ ಹಣ ಎತ್ತಿ, ತೀರುವವರೆಗೆ ಮಗ ಬರುತ್ತಾನೆ ಎಂದು ಒಪ್ಪುವುದು. ಹಿಂದೆ ವರ್ಷಕ್ಕಿಷ್ಟು ದುಡ್ಡು, ಒಂದು ಕಂಬಳಿ ಎಂದು ದನ ಕಾಯಲು ಹುಡುಗರನ್ನು ‘ಸಂಬಳಕ್ಕೆ ಇಡುತ್ತಿದ್ದ’ ಪದ್ಧತಿಯ ಮರಿ ಇದು. ಮಕ್ಕಳ ದುಡಿಮೆಯನ್ನು ಒತ್ತೆ ಇಡುವುದನ್ನು ಬ್ರಿಟಿಷರ ಕಾಲದಲ್ಲಿ, 1933ರಲ್ಲೇ ನಿಷೇಧಿಸಿದ್ದರು. 1976ರಲ್ಲಿ ಜೀತ ರದ್ದಾಯಿತು. ಹೊನ್ನಾಳಿ, ನ್ಯಾಮತಿ ಕಡೆಯ ತಾಂಡಾಗಳಿಂದ ಕಬ್ಬು ಕಡಿಯಲು, ಕಾಫಿ ಹಣ್ಣು ಬಿಡಿಸಲು ಗುಳೆ ಹೋಗುವ ಕುಟುಂಬಗಳ ಜೊತೆ ಮಕ್ಕಳೂ ಹೋಗುತ್ತಾರೆ. ಮಳೆ ಕೈಕೊಟ್ಟ ವರ್ಷ ಜಗಳೂರಿನಿಂದ ಬೆಂಗಳೂರಿಗೆ ಹೊರಡುವವರದೂ ಇದೇ ಪಾಡು. ಆ ಮಕ್ಕಳಿಗೆ ‘ದುಡಿಯುವ ದಾರಿ’ ಹೇಳಿಕೊಡುವ ಅಗತ್ಯವೇ ಇಲ್ಲ. ಅವರಿಗೆ ಬೇಕಿರುವುದು ಅಪ್ಪ ಅಮ್ಮ ಗುಳೆ ಹೋದ ತಿಂಗಳುಗಳಲ್ಲಿ ಊರಲ್ಲೇ ಉಳಿದು ಓದಲು ಒಂದು ಹಾಸಿಗೆ, ಎರಡು ಹೊತ್ತಿನ ಊಟ.

ಬೆಟ್ಟದ ಹೂವಿನ ಹುಡುಗ

ಕನ್ನಡಿಗರಿಗೆ ಈ ವಿಷಯ ಹೊಸದಲ್ಲ. 1985ರಲ್ಲಿ ಬಂದ ‘ಬೆಟ್ಟದ ಹೂವು’ ಚಿತ್ರದ ರಾಮು ನಮ್ಮೆಲ್ಲರಿಗೂ ಗೊತ್ತು. ಎನ್. ಲಕ್ಷ್ಮೀನಾರಾಯಣ್ ನಿರ್ದೇಶನದ ಆ ಚಿತ್ರಕ್ಕಾಗಿ ಪುನೀತ್ ರಾಜ್‌ಕುಮಾರ್ ಅತ್ಯುತ್ತಮ ಬಾಲನಟ ರಾಷ್ಟ್ರಪ್ರಶಸ್ತಿ ಪಡೆದರು. ರಾಮುವಿಗೆ ಓದುವ ಹಂಬಲ, ಮನೆಯಲ್ಲಿ ಬಡತನ. ಕಾಡಿನ ಹೂಗಳನ್ನು ಹುಡುಕಿ ವಿದೇಶಿ ಮಹಿಳೆಗೆ ಮಾರಿ ಕಾಸು ಕೂಡಿಡುತ್ತಾನೆ, ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳಬೇಕೆಂದು. ಕೊನೆಗೆ ಚಳಿಯಲ್ಲಿ ನಡುಗುವ ಮನೆಯವರಿಗಾಗಿ ಕಂಬಳಿ ಕೊಂಡು ತರುತ್ತಾನೆ. ಚಿತ್ರಮಂದಿರಗಳಲ್ಲಿ ಜನ ಅತ್ತದ್ದು ಆ ಕಂಬಳಿಗೆ. ನಾನು ಹೆಚ್ಚು ಯೋಚಿಸಿರುವುದು ಅದಕ್ಕೆ ಮುಂಚಿನದನ್ನು: ಆ ಕಾಸು ರಾಮುವಿನದಾಗಿತ್ತು, ಅವನ ಕೈಯಲ್ಲೇ ಇತ್ತು, ಪುಸ್ತಕವೋ ಕಂಬಳಿಯೋ ಎಂದು ಆರಿಸುವ ಹಕ್ಕೂ ಅವನದಾಗಿತ್ತು. ಅಮ್ಮನ ಡಬ್ಬದಲ್ಲಿ ಕರಗಿಹೋಗುವ ನಮ್ಮ ಹುಡುಗನ ಸುಲಿತಕ್ಕೆ ಆ ಭಾಗ್ಯವಿಲ್ಲ.

ಹಾಗಾದರೆ ಶಾಲೆಯ ಹೊತ್ತನ್ನು ಮುಟ್ಟದೆ, ಮಕ್ಕಳ ಹೆಸರಿನಲ್ಲೇ ಉಳಿಯುವ ಸಂಪಾದನೆ ನಮ್ಮ ಸೀಮೆಯಲ್ಲಿ ಯಾವುದಿದೆ? ಇದೆ, ಮತ್ತು ಅದೂ ಅಡಿಕೆಯಲ್ಲೇ ಇದೆ. ನನಗೆ ಅತ್ಯಂತ ಮೆಚ್ಚುಗೆಯಾದದ್ದು ಸಸಿ ಮಾಡುವುದು. ಎಲ್ಲರೂ ಗದ್ದೆ ಒಡೆದು ತೋಟ ಮಾಡುತ್ತಿರುವಾಗ ಒಳ್ಳೆಯ ಸಸಿಗೆ ಗಿರಾಕಿ ಹುಡುಕಿಕೊಂಡು ಹೋಗಬೇಕಿಲ್ಲ. ಹಿತ್ತಲಿನ ಮೂಲೆಯಲ್ಲಿ ಒಂದಿಷ್ಟು ನೆರಳು, ಮರಳು, ಕೊಟ್ಟಿಗೆ ಗೊಬ್ಬರ ಇದ್ದರೆ ಸಾಕು. ಹತ್ತು ವರ್ಷ ದಾಟಿದ, ಚೆನ್ನಾಗಿ ಇಳುವರಿ ಕೊಡುವ ಮರದ ಪೂರ್ತಿ ಹಣ್ಣಾದ ಗೋಟು ಬೇಕು. ಒಂದೊಂದೂ 35 ಗ್ರಾಂಗಿಂತ ಹೆಚ್ಚು ತೂಗಬೇಕು. ನೀರಿಗೆ ಹಾಕಿದಾಗ ತೊಟ್ಟು ಮೇಲಾಗಿ ನೆಟ್ಟಗೆ ತೇಲುವ ಕಾಯಿ ಬೀಜಕ್ಕೆ ಲೇಸು. ಮರಳಿನ ಪಾತಿಯಲ್ಲಿ 5 ಸೆಂಟಿಮೀಟರ್ ಅಂತರದಲ್ಲಿ, ತೊಟ್ಟು ಮೇಲ್ಮುಖ ಮಾಡಿ ನಿಲ್ಲಿಸಬೇಕು. ಹೆಚ್ಚುಕಡಿಮೆ 40 ದಿನಕ್ಕೆ ಮೊಳಕೆ ಏಳಲು ತೊಡಗುತ್ತದೆ. ಮೂರು ತಿಂಗಳಿಗೆ ಎರಡು ಮೂರು ಎಲೆ ಬಂದಾಗ ಪಾಲಿಥಿನ್ ಚೀಲಕ್ಕೆ ವರ್ಗಾಯಿಸುವುದು. ಚೀಲಕ್ಕೆ ಮೇಲ್ಮಣ್ಣು 7 ಪಾಲು, ಗೊಬ್ಬರ 3 ಪಾಲು, ಮರಳು 2 ಪಾಲು. 12ರಿಂದ 18 ತಿಂಗಳಿಗೆ ಸಸಿ ನಾಟಿಗೆ ಸಿದ್ಧ.

ಶಾಲೆಯ ಕ್ಯಾಲೆಂಡರಿಗೆ ಇದನ್ನು ಕೂಡಿಸಿ ನೋಡಿ. ಎಂಟನೇ ತರಗತಿಯ ಫೆಬ್ರುವರಿಯಲ್ಲಿ ಹುಡುಗಿಯೊಬ್ಬಳು ಬೀಜ ಊರಿದರೆ, ಬೇಸಿಗೆ ರಜೆಯಲ್ಲಿ ಚೀಲಕ್ಕೆ ಏರಿಸುತ್ತಾಳೆ, ಒಂಬತ್ತನೇ ತರಗತಿಯ ಇಡೀ ವರ್ಷ ಶಾಲೆಗೆ ಹೋಗುವ ಮುನ್ನ ನೀರು ಹಾಕುತ್ತಾಳೆ, ಹತ್ತನೇ ತರಗತಿಯ ಜೂನ್ ಮಳೆಗೆ ಸಸಿ ಮಾರುತ್ತಾಳೆ. ದಿನಕ್ಕೆ ಅರ್ಧ ತಾಸಿನ ಕೆಲಸ. ಅವಳು ಒಂದು ದಿನವೂ ಹಾಜರಿ ಕಳೆದುಕೊಂಡಿಲ್ಲ. ಬೀಜ ಎಷ್ಟು ಊರಿದೆ, ಎಷ್ಟು ಮೊಳೆಯಿತು, ಎಷ್ಟು ಸತ್ತಿತು, ಚೀಲಕ್ಕೆಷ್ಟು ಖರ್ಚಾಯಿತು ಎಂದು ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟರೆ ಶೇಕಡಾವಾರು ಲೆಕ್ಕ ಅವಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಸಂದೇಹ ಬಂದರೆ ಕೇಳಲು ಹತ್ತಿರದಲ್ಲೇ ಕತ್ತಲಗೆರೆಯ ಕೃಷಿ ಮತ್ತು ತೋಟಗಾರಿಕೆ ಸಂಶೋಧನಾ ಕೇಂದ್ರವಿದೆ. ಮನೆಯ ತೋಟದ ಕೆಲಸವಾದ್ದರಿಂದ ಕಾನೂನಿನ ಅಡ್ಡಿಯೂ ಇಲ್ಲ.

ತೋಟವಿಲ್ಲದ ಮನೆಗಳ ಮಕ್ಕಳೂ ಇದ್ದಾರಲ್ಲ, ಅವರೇ ಹೆಚ್ಚು. ಅವರಿಗೆ ನಮ್ಮ ಹಿರಿಯರ ಕಾಲದಿಂದಲೂ ಇರುವ ದಾರಿ ಪಾಲಿಗೆ ಸಾಕುವುದು. ಉಳ್ಳವರ ಮೇಕೆಯನ್ನು ತಂದು ಮೇಯಿಸಿ, ಮರಿ ಹಾಕಿದಾಗ ಹಂಚಿಕೊಳ್ಳುವ ಒಪ್ಪಂದ. ಮೇಕೆ ಗಬ್ಬವಾದ ಐದು ತಿಂಗಳಿಗೆ ಮರಿ ಹಾಕುತ್ತದೆ, ಹಲವು ಸಲ ಅವಳಿ. ನಾಟಿ ಕೋಳಿ ಕಾವಿಗೆ ಕೂತರೆ 21 ದಿನಕ್ಕೆ ಮರಿ. ಹದಿನಾಲ್ಕು ತುಂಬಿದ ಹೆಣ್ಣುಮಕ್ಕಳ ಕೈಗೆ ಹೂ ಕಟ್ಟುವುದಿದೆ. ಮಾರಿಗಿಷ್ಟು ಎಂದು ಕೂಲಿ. ಸೀರೆಗೆ ಕುಚ್ಚು ಹಾಕುವುದು, ರವಿಕೆಗೆ ಹುಕ್ಕು ಹೊಲಿಯುವುದು ಇನ್ನೂ ಲೇಸು, ಏಕೆಂದರೆ ಅದು ನಾಳೆ ಟೈಲರಿಂಗ್ ಆಗಿ ಬೆಳೆಯುತ್ತದೆ. ತೋಟಗಳಲ್ಲಿ ಬಿದ್ದ ಹಾಳೆಯನ್ನು ಭಾನುವಾರ ಆರಿಸಿ ತಟ್ಟೆ ಮಾಡುವ ಘಟಕಗಳಿಗೆ ಕೊಡಬಹುದು. ಮಳೆಗೆ ನೆನೆದು ಕಪ್ಪಾದ ಹಾಳೆಗೆ ಬೆಲೆಯಿಲ್ಲ, ಬಿದ್ದೊಡನೆ ಎತ್ತಿ ಒಣಗಿಸಿಡಬೇಕು. ತೋಟದವರನ್ನು ಕೇಳಿಯೇ ಎತ್ತಬೇಕು ಎಂಬುದನ್ನೂ ಮಕ್ಕಳಿಗೆ ಹೇಳಿಕೊಡಿ.

ಸರ್ಕಾರಿ ಶಾಲೆಗಳಲ್ಲಿ ಈಗ ಮಕ್ಕಳ ಸಂತೆ ನಡೆಸುತ್ತಾರೆ. ಸೊಪ್ಪು, ನಿಂಬೆಹಣ್ಣು, ಮನೆಯಲ್ಲಿ ಮಾಡಿದ ಚಕ್ಕುಲಿ ಹಿಡಿದು ಮಕ್ಕಳು ಕೂಗಿ ಕರೆಯುವುದನ್ನು ನೋಡುವುದೇ ಚೆಂದ. ವರ್ಷಕ್ಕೊಂದು ದಿನ ಯಾಕೆ? ತಿಂಗಳ ಕೊನೆಯ ಶನಿವಾರ ಮಧ್ಯಾಹ್ನ ಶಾಲೆಯ ಅಂಗಳದಲ್ಲೇ ನಡೆಸಿದರೆ ಊರಿನವರು ಅಂದಿನ ತರಕಾರಿ ಅಲ್ಲೇ ಕೊಂಡಾರು.

ಮೊಬೈಲಿನ ಬಗ್ಗೆ ಸಂಕ್ಷಿಪ್ತವಾಗಿ ಹೇಳುತ್ತೇನೆ. ಹಣ ಕಟ್ಟಿ ಆಡುವ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನು ಮಾಡಿ ನಿಷೇಧಿಸಿದೆ. ಯೂಟ್ಯೂಬ್ ಚಾನೆಲ್ಲಿನ ಜಾಹೀರಾತು ಹಣ ಪಡೆಯಲು 18 ತುಂಬಿದವರ ಖಾತೆಯೇ ಬೇಕು. ‘ನಿಮ್ಮ ಖಾತೆ ನಂಬರ್ ಕೊಡಿ, ಹಣ ಬಂದಾಗ ಕಮಿಷನ್ ತಗೊಳ್ಳಿ’ ಎಂದು ಟೆಲಿಗ್ರಾಮ್‌ನಲ್ಲಿ ಬರುವ ಸಂದೇಶ ವಂಚಕರದು. ಕದ್ದ ಹಣ ಸಾಗಿಸಲು ಅವರಿಗೆ ಅಮಾಯಕರ ಖಾತೆ ಬೇಕು. ಅಂಥ ಬಲೆಗೆ ಬಿದ್ದರೆ ಹೆದರಿ ಮುಚ್ಚಿಡದೆ 1930ಕ್ಕೆ ಕರೆ ಮಾಡಿ.

ಓದಿನ ಕೂಲಿ

ಹದಿಮೂರರ ಮಗು ಗಳಿಸಬಹುದಾದ ದೊಡ್ಡ ಮೊತ್ತ ಯಾವ ತೋಟದಲ್ಲೂ ಇಲ್ಲ, ಒಂದು ಪರೀಕ್ಷೆಯಲ್ಲಿದೆ. ರಾಷ್ಟ್ರೀಯ ಸಾಧನೆ ಮತ್ತು ಪ್ರತಿಭಾ ವಿದ್ಯಾರ್ಥಿವೇತನ, ಎನ್‌ಎಂಎಂಎಸ್ ಎಂದರೆ ಮೇಷ್ಟ್ರುಗಳಿಗೆಲ್ಲ ಗೊತ್ತು. 2008ರಲ್ಲಿ ಶುರುವಾದದ್ದು. ಸರ್ಕಾರಿ, ಅನುದಾನಿತ ಶಾಲೆಯ ಎಂಟನೇ ತರಗತಿಯವರು ಬರೆಯಬಹುದು; ಏಳನೇ ತರಗತಿಯಲ್ಲಿ ಶೇ 55 ಅಂಕ, ಪರಿಶಿಷ್ಟರಿಗೆ ಶೇ 50 ಇರಬೇಕು, ಪೋಷಕರ ವಾರ್ಷಿಕ ಆದಾಯ 3.5 ಲಕ್ಷ ಮೀರಬಾರದು. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ 48,000. ದಿನಕ್ಕೆ 300 ರೂಪಾಯಿ ಕೂಲಿ ಎಂದು ಹಿಡಿದರೂ 12,000 ಗಳಿಸಲು 40 ದಿನ ಶಾಲೆ ತಪ್ಪಬೇಕು. ಇಲ್ಲಿ ಹಣ ಬರುವುದೇ ಶಾಲೆಗೆ ಹೋದದ್ದಕ್ಕೆ. ಬಡವರ ಮನೆಯ ತಾಯಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಿದರೆ ಅವಳು ಮಗನನ್ನು ಸುಲಿತಕ್ಕೆ ಕರೆಯುವ ಮುನ್ನ ಎರಡು ಸಲ ಯೋಚಿಸುತ್ತಾಳೆ. ಪರೀಕ್ಷೆಯ ತಯಾರಿಗೆ ಗ್ರಾಮ ಪಂಚಾಯಿತಿಯ ಗ್ರಂಥಾಲಯವನ್ನು ಸಂಜೆ ಒಂದು ತಾಸು ತೆರೆದಿಡುವುದು ದೊಡ್ಡ ಖರ್ಚಿನ ಬಾಬತ್ತಲ್ಲ.

ಬಂದ ದುಡ್ಡು ಉಳಿಯುವುದು ಎಲ್ಲಿ ಎಂಬುದೂ ಮುಖ್ಯ. ಹತ್ತು ವರ್ಷ ದಾಟಿದ ಮಗು ತನ್ನ ಹೆಸರಿನಲ್ಲಿ ಉಳಿತಾಯ ಖಾತೆ ತೆರೆದು ತಾನೇ ನಡೆಸಬಹುದು ಎಂದು ರಿಸರ್ವ್ ಬ್ಯಾಂಕ್ 2014ರಲ್ಲೇ ಹೇಳಿದೆ, 2025ರಲ್ಲಿ ಅದನ್ನೇ ಮತ್ತೆ ಸ್ಪಷ್ಟಪಡಿಸಿದೆ. ಅಂಚೆ ಕಚೇರಿಯಲ್ಲೂ ಹತ್ತು ತುಂಬಿದವರಿಗೆ ಖಾತೆ ಸಿಗುತ್ತದೆ, 500 ರೂಪಾಯಿ ಇದ್ದರೆ ಸಾಕು. ಮಗ ಗಳಿಸಿದ್ದರಲ್ಲಿ ಮನೆಯ ಖರ್ಚಿಗೆ ತೆಗೆದುಕೊಳ್ಳಲೇಬೇಕಾದ ಪರಿಸ್ಥಿತಿ ಇದ್ದರೆ ತೆಗೆದುಕೊಳ್ಳಿ, ಯಾರೂ ದೂರುವುದಿಲ್ಲ. ಆದರೆ ಕೇಳಿ ತೆಗೆದುಕೊಳ್ಳಿ, ಎಷ್ಟು ಎಂದು ಅವನಿಗೆ ಗೊತ್ತಿರಲಿ.

ದುಡಿಯುತ್ತಲೇ ಓದಿದವರ ದೊಡ್ಡ ಪರಂಪರೆ ಕನ್ನಡಿಗರದು. ಕರಾವಳಿಯಿಂದ ಮುಂಬಯಿಯ ಹೋಟೆಲುಗಳಿಗೆ ಹೋದ ಹುಡುಗರು ಹಗಲು ಲೋಟ ತೊಳೆದು ಸಂಜೆ ಕನ್ನಡ ರಾತ್ರಿಶಾಲೆಗಳಲ್ಲಿ ಕೂತು ಓದಿದರು. ಅಂದು ಅಂಥ ಶಾಲೆಗಳನ್ನು ಕಟ್ಟಿ ನಡೆಸಿದ್ದು ಅವರ ಊರಿನವರ, ಸಮುದಾಯದವರ ಸಂಘಗಳು. ಆ ಹುಡುಗರು ಅಷ್ಟು ಎಳೆಯ ವಯಸ್ಸಿಗೆ ಹಾಗೆ ದುಡಿಯಬೇಕಾಗಿ ಬಂದದ್ದು ನಾವು ಮತ್ತೆ ಬಯಸುವ ಸಂಗತಿಯಲ್ಲ. ನಮ್ಮ ಹುಡುಗ ಕೆಲಸ ಮಾಡುತ್ತಿದ್ದಾನೆ, ಅವನ ಓದು ನಿಲ್ಲಬಾರದು ಎಂದು ಹಿರಿಯರು ಹೊತ್ತ ಜವಾಬ್ದಾರಿ ಮಾತ್ರ ನಮಗೂ ಬೇಕು. ಅಡಿಕೆಯ ದುಡ್ಡು ಕಂಡ ನಮ್ಮ ಸೀಮೆಗೆ ಅದು ಭಾರವಾಗದು.

ಖೇಣಿ ಹಿಡಿಯುವ ಅಣ್ಣಂದಿರಲ್ಲಿ, ತೋಟದ ಯಜಮಾನರಲ್ಲಿ ನನ್ನ ಕೋರಿಕೆ ಇಷ್ಟೆ. ಈ ಸುಗ್ಗಿಗೆ ನಿಮ್ಮ ಅಂಗಳಕ್ಕೆ ಬರುವ ಮಕ್ಕಳ ವಯಸ್ಸು ಕೇಳಿ. ಹದಿನಾಲ್ಕು ತುಂಬದವರನ್ನು ಅಮ್ಮನ ಜೊತೆ ಬಂದರೂ ಡಬ್ಬದ ಮುಂದೆ ಕೂರಿಸಬೇಡಿ. ತುಂಬಿದವರಿಗೆ ಬೇರೆ ಡಬ್ಬ ಕೊಡಿ, ಅವರ ಹೆಸರಿನಲ್ಲೇ ಲೆಕ್ಕ ಬರೆಯಿರಿ, ದೊಡ್ಡವರ ದರವನ್ನೇ ಕೊಡಿ, ಸಂಜೆ ಆರಕ್ಕೆ ಮನೆಗೆ ಕಳಿಸಿ. ದಸರಾ ರಜೆ ಮುಗಿದ ಮಾರನೇ ದಿನ ಯಾವ ಹುಡುಗನಾದರೂ ಸಮವಸ್ತ್ರದ ಬದಲು ಹಳೇ ಅಂಗಿ ತೊಟ್ಟು ನಿಮ್ಮ ಬಾಗಿಲಿಗೆ ಬಂದರೆ ಕೆಲಸ ಕೊಡಬೇಡಿ, ಅವನ ಶಾಲೆಯ ಮೇಷ್ಟ್ರಿಗೆ ಒಂದು ಫೋನು ಮಾಡಿ. ಮುಂಗಡಕ್ಕೆ ಮಗುವನ್ನು ಇಟ್ಟುಕೊಂಡಿರುವುದು ಎಲ್ಲಾದರೂ ಕಂಡರೆ ಮಕ್ಕಳ ಸಹಾಯವಾಣಿ 1098, ದಿನದ ಯಾವ ಹೊತ್ತಿನಲ್ಲೂ.